ಐಸ್ ಮೇಲೆ ಮೆಣಸು ಕುಟ್ಟಿದ್ದು

ನನ್ನ ಮಾನ ಹೋಗೋದಕ್ಕೆ ಹೊತ್ತೂ ಬೇಕಿಲ್ಲ, ಜಾಗವೂ ಬೇಕಿಲ್ಲ. ಎಪ್ಪತ್ತರ ದಶಕದಲ್ಲಿ ಒಮ್ಮೆ ಉತ್ತರ ಧ್ರುವದ ಹತ್ತಿರ, ತೇಲೋ ಐಸ್ ಮೇಲೂ ಹೋಯಿತು.

೧. ಕುಟ್ಟಾಣಿ

ಹಡ್ಸನ್ ನದಿ ದಂಡೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಮುದ್ರದ ಆಳ, ಐಸಿನ ನಡುಕ ಎಲ್ಲ ಅಳೆದುಕೊಂಡು ಬಾ ಅಂತ ಎರಡು ತಿಂಗಳು ಆ ಐಸ್ ಮೇಲಕ್ಕೆ ಕಳಿಸಿದರು. ಫೋರ್ಟ್ ಲೀ ಮನೆಯಿಂದ ಹೊರಡುವಾಗ ನನ್ನವಳು ಪೆಟ್ಟಿಗೆಗೆ ಕಬ್ಬಿಣದ ಕುಟ್ಟಾಣಿ ತುರುಕಿದಳು.

"ಡಬ್ಬಿ ಊಟ ತಿಂದು ನಾಲಿಗೆ ಸತ್ತುಹೋಗುತ್ತೆ ರೀ. ಮೆಣಸು ಜೀರಿಗೆ ಕುಟ್ಟಿ ಸಾರು ಮಾಡ್ಕೊಳ್ಳಿ."

ಬೆಳಿಗ್ಗೆ ಹನ್ನೊಂದಾಯಿತು ಅಂದರೆ ಟೆಂಟಿನಲ್ಲಿ ಕೂತು ಕುಟ್ಟುತ್ತಿದ್ದೆ. ಜೊತೆಯವರು ಬಟ್ಟಲು ಹಿಡಿದು ಸಾಲು ನಿಲ್ಲುತ್ತಿದ್ದರು. ನಡುಕ ಅಳೆಯೋ ಯಂತ್ರ ಟೆಂಟಿನ ಪಕ್ಕದಲ್ಲೇ ಇತ್ತು. ಅಷ್ಟೊಂದು ಓದಿದ ನನ್ನ ತಲೆಗೆ ಅದು ಹೊಳೆಯಲೇ ಇಲ್ಲ!

೨. ಚಂದ್ರನ ಕೈವಾಡ

ವಾಪಸು ಬಂದಮೇಲೆ ನಮ್ಮ ಅಮೆರಿಕನ್ ಬಾಸ್ ಯಂತ್ರದ ಕಾಗದದ ಸುರುಳಿ ಹರಡಿಕೊಂಡು ಕುಣಿದಾಡಿದರು. "ನೋಡು, ಹನ್ನೊಂದಕ್ಕೆ ಸರಿಯಾಗಿ ಐಸ್ ನಡುಗುತ್ತೆ! ಹದಿನೈದು ದಿನಕ್ಕೊಮ್ಮೆ ಮಾತ್ರ ಸದ್ದಿಲ್ಲ. ಇದು ಚಂದ್ರನ ಕೆಲಸ, ಉಬ್ಬರ ಇಳಿತದ ಕೆಲಸ! ನ್ಯೂಯಾರ್ಕಿನ ಸಭೆಯಲ್ಲಿ ಪೇಪರ್ ಓದ್ತೀನಿ."

ಗೀಟು ನೋಡಿದೆ. ಮೂರು ಏಟು, ಬಿಡುವು, ಮೂರು ಏಟು. ನನ್ನದೇ ಕೈ. ಆಗಲೇ ಬಾಯಿ ಬಿಡಬೇಕಿತ್ತು. "ಇರಬಹುದು ಸರ್" ಅಂದುಬಿಟ್ಟೆ. ಈಗ ನೆನೆದರೂ ಥೂ, ನಾಚಿಕೆಯಾಗುತ್ತೆ.

ನನ್ನವಳು ಕೇಳಿ ಉಗಿದಳು. "ಪಾಪ, ಅಷ್ಟು ಜನರ ಮುಂದೆ ಅವರು ನಗೆಪಾಟಲಾಗಲ್ವೇನ್ರೀ?"

"ಹೇಳಿದರೆ ನನ್ನ ಕೆಲಸ ಹೋಗುತ್ತೆ ಕಣೇ."

"ಹೋದರೆ ಹೋಗಲಿ, ಕುಟ್ಟೋ ಕೆಲಸ ಹೇಗೂ ಬರುತ್ತಲ್ಲ!"

೩. ಊಟ

ಸಭೆಗೆ ಎರಡು ದಿನವಿದೆ ಅನ್ನುವಾಗ ಅವಳು ನನ್ನನ್ನು ಕೇಳದೆ ಬಾಸನ್ನು ಊಟಕ್ಕೆ ಕರೆದಳು. ಅವರು ಕೂತಿದ್ದೇ ತಡ, ಅಡುಗೆಮನೆಯಲ್ಲಿ ಶುರುವಾಯಿತು: ಧಂ ಧಂ ಧಂ. ಬಿಡುವು. ಧಂ ಧಂ ಧಂ. ನನಗೆ ಕುಟ್ಟೋದು ಕಲಿಸಿದವಳೇ ಅವಳು.

ಬಾಸ್ ಬೆರಳಲ್ಲಿ ಮೇಜಿನ ಮೇಲೆ ತಾಳ ಹಾಕಿದರು, ತಟ್ಟನೆ ನಿಲ್ಲಿಸಿದರು. ಎದ್ದು ಹೋಗಿ ಕುಟ್ಟಾಣಿ ನೋಡಿ ಬಂದು ನನ್ನನ್ನು ನೋಡಿದರು. "ನೀನಾ?"

"ನಾನೇ ಸರ್. ತಪ್ಪಾಯಿತು." ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಚೀಲದಿಂದ ಪೇಪರ್ ತೆಗೆದು ಹರಿದು ಹಾಕಿದರು. ನನ್ನ ಕೆಲಸ ತೆಗೆಯಲಿಲ್ಲ, ಪುಣ್ಯಾತ್ಮ. ಆದರೂ ಅವರಿಗೆ ಒಂದು ಚೂರು ಆಸೆ ಉಳಿದಿತ್ತು.

"ಸರಿ, ಕುಟ್ಟಿದ್ದು ನೀನು. ಆದರೆ ಚಂದ್ರನ ಲೆಕ್ಕಕ್ಕೆ ಸರಿಯಾಗಿ ನಿಲ್ಲುತ್ತಿತ್ತಲ್ಲ, ಅದಾದರೂ ನಿಜ ತಾನೇ?"

ತಲೆ ತಗ್ಗಿಸಿ ಹೇಳಿದೆ: "ಅದು ಏಕಾದಶಿ, ಸರ್. ಅವತ್ತು ಉಪವಾಸ."