ನೆಗಡಿ ನನ್ನದು, ಬೈಗುಳ ಅತ್ತೆಗೆ

ತಪ್ಪು ಮಾಡಿ ಬೈಸಿಕೊಂಡವನಿಗೆ ಒಂದು ಸಮಾಧಾನವಿರುತ್ತದೆ. ಬೈಗುಳ ಮುಗಿಯಿತು, ಇನ್ನು ಊಟಕ್ಕೆ ಕೂರಬಹುದು. ತಾನು ತಪ್ಪು ಮಾಡಿ ಬೇರೆಯವರನ್ನು ಬೈದವನ ಪಾಡು ಹಾಗಲ್ಲ. ಊಟಕ್ಕೆ ಕೂತರೂ ಬಡಿಸುವವರ ಮುಖ ನೋಡಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಇನ್ನೂ ಕಷ್ಟದ್ದಾಗಿತ್ತು, ಏಕೆಂದರೆ ಬೈಸಿಕೊಂಡವರೂ ನನ್ನ ಅತ್ತೆ, ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತಿದ್ದವರೂ ಅವರೇ.

ನಾನು ಶ್ರೀರಾಮನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಹೆಂಡತಿ ಸವಿತಾ ಬಾಣಂತನಕ್ಕೆಂದು ಕುಷ್ಟಗಿಯ ತವರಿನಲ್ಲಿದ್ದಳು. ಮಗಳಿಗೆ ಆಗ ಎರಡೂವರೆ ತಿಂಗಳು. ಪ್ರತಿ ಭಾನುವಾರ ಬೆಳಿಗ್ಗೆ ಗಂಗಾವತಿಗೆ ಬಂದು, ಅಲ್ಲಿಂದ ತಾವರಗೇರಿ ಮೇಲೆ ಹೋಗುವ ಬಸ್ಸು ಹಿಡಿದು ನಾನು ಕುಷ್ಟಗಿ ಮುಟ್ಟುತ್ತಿದ್ದೆ. ಆ ವಾರ ನನಗೆ ಗುರುವಾರದಿಂದಲೇ ನೆಗಡಿ. ಫೋನಿನಲ್ಲಿ ನನ್ನ ಮಾತು ಕೇಳಿದ ಸವಿತಾಗೆ ಅನುಮಾನ ಬಂತು. "ದನಿ ಯಾಕ ಹಿಂಗಾಗೇತ್ರಿ? ನೆಗಡಿ ಆಗಿದ್ರ ಈ ವಾರ ಬರಬ್ಯಾಡ್ರಿ, ಕೂಸಿಗೆ ಹತ್ತತೈತಿ" ಅಂದಳು. "ನೆಗಡಿ ಎಲ್ಲೀದು? ಪಾಠ ಮಾಡಿ ಮಾಡಿ ಗಂಟಲ ಕಟ್ಟೇತಿ" ಅಂದೆ. ನಾನು ಪಾಠ ಮಾಡಿದ್ದಂತೂ ನಿಜ. ಎಂಟನೇ ತರಗತಿಗೆ ನೆಗಡಿ ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಎಂಬುದನ್ನೇ, ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತ ವಿವರಿಸಿದ್ದೆ.

ಭಾನುವಾರ ಒಂದು ಮಾತ್ರೆ ನುಂಗಿ ಮೂಗು ಒಣಗಿಸಿಕೊಂಡು ಹೊರಟೆ. ಕುಷ್ಟಗಿಯಲ್ಲಿ ಎರಡು ಸಲ ಸೀನು ಬಂದಾಗ ಹಿತ್ತಲಿನ ನೀರಿನ ಟಾಕಿಯ ಹಿಂದೆ ಓಡಿ ಸೀನಿ ಬಂದೆ. ಉಳಿದ ಹೊತ್ತೆಲ್ಲ ಮಗಳು ನನ್ನ ತೋಳಲ್ಲೇ ಇದ್ದಳು. ಅವಳು ಆಗಷ್ಟೇ ಮುಖ ನೋಡಿ ನಗುವುದನ್ನು ಕಲಿತಿದ್ದಳು. ಮೂಗಿಗೆ ಮೂಗು ಉಜ್ಜಿದರೆ ಬೊಚ್ಚುಬಾಯಿ ಅಗಲಿಸಿ ನಗುತ್ತಿದ್ದಳು. ಎಷ್ಟು ಸಲ ಉಜ್ಜಿದೆನೋ!

ಬುಧವಾರ ಬೆಳಿಗ್ಗೆ ಸವಿತಾಳ ಫೋನು ಬಂತು. ಅವಳು ಅಳುತ್ತಿದ್ದಳು. "ಕೂಸಿನ ಮೂಗು ಪೂರಾ ಕಟ್ಟೇತ್ರಿ. ಹಾಲು ಕುಡೀವಲ್ದು. ಎರಡು ಗುಟುಕು ಕುಡೀತೈತಿ, ಬಿಡತೈತಿ, ಅಳತೈತಿ." ಅಷ್ಟು ಸಣ್ಣ ಮಕ್ಕಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಹಾಲು ಕುಡಿಯಬೇಕೋ ಉಸಿರಾಡಬೇಕೋ ಎಂಬುದು ಅವಕ್ಕೆ ತಿಳಿಯುವುದಿಲ್ಲ. ರಜೆ ಚೀಟಿ ಬರೆದಿಟ್ಟು ಹೊರಟೆ. ಗಂಗಾವತಿಯ ಔಷಧಿ ಅಂಗಡಿಯಲ್ಲಿ ಮೂಗಿನ ಸಿಂಬಳ ಎಳೆಯುವ, ನಿಂಬೆಹಣ್ಣಿನಷ್ಟು ದಪ್ಪದ ರಬ್ಬರ್ ಪಂಪು ಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತವನಿಗೆ ನಾನೇ ಕಾರಣ ಎಂಬುದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಹುಡುಕತೊಡಗಿದೆ. ಕನಕಗಿರಿ ದಾಟುವವರೆಗೆ ಹವೆ ಕಾರಣವಾಗಿತ್ತು. ತಾವರಗೇರಿ ಬರುವ ಹೊತ್ತಿಗೆ, ಕೂಸಿಗೆ ನೀರೆರೆದ ಮೇಲೆ ಅತ್ತೆ ಹಾಕುತ್ತಿದ್ದ ಲೋಬಾನದ ಹೊಗೆ ನೆನಪಾಯಿತು. ಕುಷ್ಟಗಿಯಲ್ಲಿ ಇಳಿಯುವಾಗ ಅವರೇ ಅಪರಾಧಿ ಎಂಬುದರಲ್ಲಿ ನನಗೆ ಸಂಶಯವೇ ಉಳಿದಿರಲಿಲ್ಲ.

ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ಹೊಗಿ ಹಾಕಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನ್ರಿ ಅತ್ತಿ? ಮೂಗಿಗೆ ಎಣ್ಣಿ ಬ್ಯಾರೆ ಬಿಟ್ಟಿರಬೇಕು ನೀವು. ಹಳೇ ಪದ್ಧತಿ ಅಂತ ಕೂಸಿನ ಜೀವದ ಜೋಡಿ ಆಟ ಆಡ್ತೀರೇನು?"

ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು. "ಎಣ್ಣಿ ತೆಲಿಗಷ್ಟ ಹಚ್ಚೀನ್ರಿ ಅಳಿಯಾರ. ಹೊಗಿ ನೀವು ಹೇಳಿದ ಮ್ಯಾಲೆ ಬಿಟ್ಟೀನಿ" ಎಂದರು, ಅಷ್ಟೇ. ಪಕ್ಕದ ಮನೆಯ ಗೌರಕ್ಕ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದಳು. ನನ್ನ ದನಿ ಅಷ್ಟು ಎತ್ತರಕ್ಕೆ ಹೋಗಿತ್ತು.

ಮೂವರೂ ಕೂಸನ್ನು ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಎದಿ ಛಲೋ ಐತಿ, ಜ್ವರ ಇಲ್ಲ. ಇದು ಬರೇ ನೆಗಡಿ" ಎಂದರು. ಆಮೇಲೆ ತಲೆ ಎತ್ತಿ, "ಮನ್ಯಾಗ ಯಾರಿಗರೆ ನೆಗಡಿ ಆಗಿತ್ತೇನ್ರಿ?" ಎಂದು ಕೇಳಿದರು.

ಗೋಡೆಯ ಮೇಲೆ ಲಸಿಕೆಗಳ ಪಟ್ಟಿ ಇತ್ತು. ಅದನ್ನು ನಾನು ಬಹಳ ಆಸಕ್ತಿಯಿಂದ ಓದತೊಡಗಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿತು: "ನನಗ ಸ್ವಲ್ಪ ಮೂಗು ಸುರೀತಿತ್ರಿ ಬಾಯಾರ."

"ನೆಗಡಿ ಇದ್ದವರು ಇಷ್ಟು ಸಣ್ಣ ಕೂಸಿನ ಹತ್ರ ಹೋಗಬಾರದಮ್ಮ. ವಯಸ್ಸಾದವರು ನೀವು, ತಿಳಿಯಂಗಿಲ್ಲೇನು?" ಎಂದು ಡಾಕ್ಟರಮ್ಮ ಗದರಿದರು. ಸವಿತಾಳೂ ತಾಯಿಯತ್ತ ಸಿಟ್ಟಿನಿಂದ ನೋಡಿದಳು. ನಾನು ಪಟ್ಟಿಯ ಕೊನೆಯ ಸಾಲಿನವರೆಗೂ ಓದಿದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಡಾಕ್ಟರಮ್ಮ ಮೂಗಿಗೆ ಬಿಡುವ ಉಪ್ಪುನೀರಿನ ಹನಿಯ ಸಣ್ಣ ಬಾಟಲಿ ಬರೆದುಕೊಟ್ಟರು. ಹಾಲು ಕುಡಿಸುವ ಮೊದಲು ಒಂದೊಂದು ಹೊರಳೆಗೆ ಎರಡು ಹನಿ, ಒಂದು ನಿಮಿಷ ಬಿಟ್ಟು ಪಂಪಿನಿಂದ ಮೆಲ್ಲಗೆ ಎಳೆಯುವುದು. ಎಣ್ಣೆ, ಬಾಮು, ಹೊಗೆ ಯಾವುದೂ ಬೇಡ. ಉಸಿರು ಜೋರಾದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲೇ ಮುಟ್ಟದಿದ್ದರೆ ತಕ್ಷಣ ಕರೆತರಬೇಕು. ಇಷ್ಟನ್ನೂ ಅವರು ನನ್ನನ್ನೇ ನೋಡಿ ಹೇಳಿದರು, ನಾನು ವಿಜ್ಞಾನದ ಮಾಸ್ತರ ಎಂದು ಸವಿತಾ ತಿಳಿಸಿದ್ದಳಲ್ಲ.

ಮನೆಗೆ ಬಂದು ಹನಿ ಬಿಟ್ಟೆವು. ಪಂಪು ನನ್ನ ಕೈಯಲ್ಲಿತ್ತು. ಮೊದಲು ಹೊರಗೇ ಒತ್ತಿ ಹಿಡಿದು, ತುದಿಯನ್ನು ಮೂಗಿನ ಅಂಚಿಗೆ ಇಟ್ಟು, ಆಮೇಲೆ ನಿಧಾನಕ್ಕೆ ಸಡಿಲ ಬಿಡಬೇಕು. ನಾನು ತುದಿಯನ್ನು ಮೂಗಿಗೆ ಇಟ್ಟ ಮೇಲೆ ಒತ್ತಿದೆ. ಸಿಂಬಳ ಎಳೆಯುವ ಬದಲು ಗಾಳಿ ಊದಿದಂತಾಯಿತು. ಕೂಸು ಕೆಂಪಗಾಗಿ ಕಿರುಚಿತು. "ಇಲ್ಲಿ ಕೊಡ್ರಿ ಅಳಿಯಾರ" ಎಂದು ಅತ್ತೆ ಪಂಪು ಇಸಿದುಕೊಂಡರು. ಬೈಸಿಕೊಳ್ಳುತ್ತಲೇ ಅವರು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಒತ್ತಿದರು, ಅಂಚಿಗೆ ಇಟ್ಟರು, ಸಡಿಲ ಬಿಟ್ಟರು. ಸುರ್ ಎಂದು ಗಟ್ಟಿ ಸಿಂಬಳ ಬಂತು. ಇನ್ನೊಂದು ಹೊರಳೆಯಿಂದಲೂ ಬಂತು. ಕೂಸು ಒಂದು ದೊಡ್ಡ ಉಸಿರು ಎಳೆದು, ತಾಯಿಯ ಎದೆಗೆ ಬಾಯಿ ಹಾಕಿ, ಬಿಡದೆ ಕುಡಿಯತೊಡಗಿತು. ಆ ಗುಟುಕಿನ ಸದ್ದು ಕೇಳುತ್ತ ಸವಿತಾ ಮತ್ತೆ ಅತ್ತಳು.

ಅತ್ತೆ ಹಿತ್ತಲಲ್ಲಿ ಬಿಸಿನೀರಿನಲ್ಲಿ ಪಂಪು ತೊಳೆಯುತ್ತಿದ್ದರು. ಹೋಗಿ ನಿಂತೆ. "ಅತ್ತಿ, ನಿಮಗ ನೆಗಡಿ ಆಗಿತ್ತೇನ್ರಿ?"

"ನನಗೆಲ್ಲೀ ನೆಗಡಿ?" ಎಂದರು, ತಲೆ ಎತ್ತದೆ. "ನೀವು ಟಾಕಿ ಹಿಂದ ಸೀನಿದ್ದು ಕೇಳೇತಿ ನನಗ. ಅವತ್ತ ಕೂಸಿನ್ನ ಎತ್ತಬ್ಯಾಡ್ರಿ ಅನ್ನಬೇಕಿತ್ತು. ಅಷ್ಟು ದೂರದಿಂದ ಬಂದ ಅಳಿಯಾಗ ಹೆಂಗ ಅನ್ಲಿ? ಬಾಯಿ ಬರ್ಲಿಲ್ಲ. ಅದಕ್ಕ ತಪ್ಪು ನಂದೂ ಐತ್ರಿ."

ತಪ್ಪಾಯಿತು ಎಂದೆ. ಬೈದದ್ದು ಕಾಂಪೌಂಡಿನಾಚೆ ಕೇಳಿತ್ತು. ತಪ್ಪಾಯಿತು ಎಂದದ್ದು ನನಗೇ ಸರಿಯಾಗಿ ಕೇಳಲಿಲ್ಲ.

ಸಂಜೆ ಗೌರಕ್ಕ ಕೂಸನ್ನು ನೋಡಲು ಬಂದಳು. ಸವಿತಾ, "ನಮ್ಮವ್ವಂದ ನೆಗಡಿ ಹತ್ತೇತ್ರಿ ಕೂಸಿಗೆ. ಎಷ್ಟು ಹೇಳಿದ್ರೂ ಕೇಳೂದಿಲ್ಲ" ಎನ್ನತೊಡಗಿದಳು. ಅತ್ತೆ ಚಹಾ ಸೋಸುತ್ತಿದ್ದರು. ಆಗ ನನ್ನಿಂದ ತಡೆಯಲಾಗಲಿಲ್ಲ. "ಅತ್ತಿಯವರದಲ್ಲ, ನನ್ನ ನೆಗಡಿ. ಮಾತ್ರಿ ನುಂಗಿ ಬಂದಿದ್ದೆ" ಅಂದೆ. ಈ ಸಲ ಬಂದ ಕೂಡಲೇ ಬೈದಷ್ಟೇ ಗಟ್ಟಿಯಾಗಿ ಹೇಳಿದೆ. ಗೌರಕ್ಕ ಚಹಾಕ್ಕೆ ಕಾಯದೆ ಎದ್ದು ಹೋದಳು, ಓಣಿಗೆ ಸುದ್ದಿ ಮುಟ್ಟಿಸಬೇಕಲ್ಲ. ಸವಿತಾ ಹೋಗಿ ತಾಯಿಯ ಪಕ್ಕ ಕೂತಳು. ನನ್ನ ಜೊತೆ ಮಾತಾಡಿದ್ದು ಮರುದಿನ, ಅದೂ ಬಸ್ಸಿನ ಹೊತ್ತಾಯಿತು ಎಂದು ಹೇಳಲು.

ಮಗಳು ವಾರದಲ್ಲೇ ಚೇತರಿಸಿಕೊಂಡಳು. ಮುಂದಿನ ಭಾನುವಾರ ನಾನು ಹೋದಾಗ ಸವಿತಾ ಕಟ್ಟೆಯ ಮೇಲೆ ನಿಂತಿದ್ದಳು. "ತೆಲಿ ಮ್ಯಾಲೆ ಮಾಡ್ರಿ" ಅಂದಳು. ಮಾಡಿದೆ. ಮೊಬೈಲಿನ ಬೆಳಕು ಬಿಟ್ಟು ನನ್ನ ಎರಡೂ ಹೊರಳೆ ನೋಡಿ, ಎರಡು ಸಲ ಉಸಿರು ಎಳೆಸಿ, ಆಮೇಲೆ ದಾರಿ ಬಿಟ್ಟಳು. ಬಾಣಂತನ ಇನ್ನೂ ಮುಗಿದಿಲ್ಲ, ಈಗಲೂ ಪ್ರತಿ ವಾರ ಹಾಗೇ ನಡೆಯುತ್ತದೆ. ಆ ಓಣಿಗೆ ಅಳಿಯಂದಿರು ಬಹಳ ಜನ ಬರುತ್ತಾರೆ, ಕೈಕಾಲು ತೊಳೆದು ಒಳಗೆ ಹೋಗುತ್ತಾರೆ. ಮೂಗು ತೋರಿಸಿ ಒಳಗೆ ಹೋಗುವವನು ನಾನೊಬ್ಬನೇ.