ಸೂರ್ಯನಿಗೆ ಎರಡು ಮುಚ್ಚಳ ಗುಲಾಬಿ

“ಅಮ್ಮಾ, ಅಪ್ಪ ಆಫೀಸಲ್ಲಿ ಹೊಸ ಸೂರ್ಯನ್ನ ಮಾಡ್ತಿದ್ದಾರಂತೆ. ಈಗಿರೋದು ಕೆಟ್ಟುಹೋಯ್ತಾ?” ಹಲ್ಲುಜ್ಜುತ್ತಾ ಕೇಳಿದಳು ನನ್ನ ಐದು ವರ್ಷದ ಮಗಳು.

“ಇನ್ನೂ ಕೆಟ್ಟಿಲ್ಲ ಪುಟ್ಟಿ. ಅಪ್ಪ ರಿಪೇರಿಗೆ ಕೈ ಹಾಕಿದ್ರೆ ತಾನೇ ಕೆಡೋದು?” ಎಂದೆ. (ನಮ್ಮ ಗೋಡೆ ಗಡಿಯಾರದ ಆತ್ಮಕ್ಕೆ ಶಾಂತಿ ಸಿಗಲಿ.)

ನನ್ನ ಯಜಮಾನರು ಪರಮಾಣು ಸಮ್ಮಿಳನ ಯಂತ್ರದ ಇಂಜಿನಿಯರು. ಸೂರ್ಯನ ಹೊಟ್ಟೆಯೊಳಗೆ ನಡೆಯುವುದನ್ನು ಇವರ ತಂಡದ ಹನ್ನೆರಡು ಜನ ಸೇರಿ, ಕೋಣೆಯಷ್ಟು ದೊಡ್ಡ ಉಕ್ಕಿನ ಬಳೆಯೊಳಗೆ ನಡೆಸಿ ತೋರಿಸಬೇಕು. ಅದಕ್ಕೂ ಮೊದಲು ಬಳೆಯೊಳಗಿನ ಗಾಳಿಯನ್ನೆಲ್ಲ ಹೀರಿ ಹಾಕಬೇಕು. ಅಲ್ಲಿ ಏನೂ ಇರಕೂಡದು. ಅಂದರೆ ನಾಲ್ಕು ವರ್ಷದಿಂದ ನನ್ನ ಗಂಡ ಸಂಬಳ ತೆಗೆದುಕೊಳ್ಳುತ್ತಿರುವುದು ‘ಏನೂ ಇಲ್ಲ’ ಎನ್ನುವುದನ್ನು ತಯಾರಿಸುವುದಕ್ಕೆ!

ಆ ‘ಏನೂ ಇಲ್ಲ’ ಶುಕ್ರವಾರದೊಳಗೆ ತಯಾರಾಗದಿದ್ದರೆ ಯಂತ್ರ ಪಕ್ಕದ ತಂಡದ ಪಾಲು ಎಂದು ದೊಡ್ಡ ಮೇಡಂ ಹೇಳಿಬಿಟ್ಟಿದ್ದರು. ಹತ್ತು ದಿನದಿಂದ ಪಂಪು ಓಡುತ್ತಲೇ ಇದೆ, ಒಳಗೆ ಏನೋ ಉಳಿಯುತ್ತಲೇ ಇದೆ. ತೂತು ಹುಡುಕಿ ಹುಡುಕಿ ಇವರ ಕಣ್ಣೇ ಗುಳಿಬಿದ್ದಿತ್ತು.

ಇವತ್ತು ಸಂಜೆ ಬಂದವರೇ ಕುರ್ಚಿಯಲ್ಲಿ ಕುಸಿದರು. “ತೂತೇ ಇಲ್ಲ ಕಣೇ. ಒಳಗೋಡೆಗೆ ಏನೋ ಮೆತ್ತಿಕೊಂಡು ಆವಿಯಾಗ್ತಾ ಇದೆ. ಬಟ್ಟೆ ಘಮಘಮ ಅನ್ಲಿ ಅಂತ ಹಾಕ್ತಾರಲ್ಲ, ಆ ನೀರು!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಪ್ರಯೋಗಾಲಯದ ಬಾಗಿಲಲ್ಲೇ ಬಿಚ್ಚಿಡಬೇಕಾದ ಬಿಳಿ ಕೋಟನ್ನು ಈ ಮಹಾಶಯರು ಎರಡು ವಾರದ ಹಿಂದೆ ಮರೆತು ಮನೆಗೇ ತೊಟ್ಟು ಬಂದಿದ್ದರು. ಕಾಲರು ಕೊಳೆಯಾಗಿತ್ತು. ಪಾಪ, ಅಲ್ಲಿ ಯಾರು ಒಗೆಯುತ್ತಾರೆ ಎಂದು ನಾನೇ ಬಚ್ಚಲುಮನೆಯ ಮಷೀನಿಗೆ ಹಾಕಿ ಒಗೆದು, ಗುಲಾಬಿ ವಾಸನೆಯದ್ದು ಎರಡು ಮುಚ್ಚಳ ಸುರಿದು, ಇಸ್ತ್ರಿ ಮಾಡಿ ಚೀಲದಲ್ಲಿಟ್ಟಿದ್ದೆ. ಪಂಪು ಹಚ್ಚುವ ಮೊದಲು ಅದನ್ನು ತೊಟ್ಟು ಇವರು ಬಳೆಯೊಳಗೆಲ್ಲ ಅಂಬೆಗಾಲಿಟ್ಟಿದ್ದಾರೆ!

“ಅಲ್ಲಾರೀ, ಕೋಟಿಗಟ್ಟಲೆ ಡಿಗ್ರಿ ಶಾಖ ಅಂತೀರಿ, ಎರಡು ಮುಚ್ಚಳ ಗುಲಾಬಿ ತಡ್ಕೊಳಲ್ವಾ ನಿಮ್ಮ ಸೂರ್ಯ?”

“ಹೆದರಬೇಡ. ನಿನ್ನ ಹೆಸರು ಎತ್ತಲಿಲ್ಲ. ನಾನೇ ಒಗೆದೆ ಅಂದೆ.”

ನನ್ನ ಕಣ್ಣು ತುಂಬಿ ಬಂತು. “ಮೇಡಂ ತುಂಬಾ ಬೈದ್ರಾ?”

“ಮೊದಲು ಬೈದ್ರು. ಆಮೇಲೆ, ‘ಬಟ್ಟೆ ತಾನೇ ಒಗೆಯೋ ಗಂಡಸು ಎಲ್ಲಿ ಸಿಗ್ತಾನೆ? ನೋಡಿ ಕಲೀರಿ’ ಅಂತ ಎಲ್ಲರಿಗೂ ಹೇಳಿದ್ರು. ಚಪ್ಪಾಳೆ ಬೇರೆ!”

ತುಂಬಿದ ಕಣ್ಣೀರು ರೆಪ್ಪೆಯ ಅಂಚಿನಲ್ಲೇ ನಿಂತಿತು. ಮದುವೆಯಾಗಿ ಆರು ವರ್ಷ, ಮೂರು ಜನರ ಬಟ್ಟೆ. ನನಗೆ ಯಾರಾದರೂ ಚಿಟಿಕೆಯಾದರೂ ಹೊಡೆದಿದ್ದುಂಟೆ?

“ಯಂತ್ರ ಕೈತಪ್ಪುತ್ತೇನ್ರೀ?”

“ಗೋಡೆ ಒರೆಸಿ ಕಾಯಿಸಿದ್ರೆ ಶುಕ್ರವಾರಕ್ಕೆ ಸರಿಹೋಗುತ್ತೆ. ಆದ್ರೆ ಆ ವಾಸನೆ ಹತ್ತಿರೋ ಹನ್ನೆರಡು ಕೋಟೂ ಮತ್ತೆ ಒಗೀಬೇಕು. ನಾಳೆ ಬೆಳಿಗ್ಗೆ, ಅಲ್ಲಿನ ಮಷೀನಲ್ಲಿ, ಮೇಡಂ ಎದುರಿಗೆ. ಅನುಭವಸ್ಥರು ಅಂತ ನನಗೇ ವಹಿಸಿದ್ದಾರೆ.”

ಮಗಳು ಆಟದಲ್ಲಿ ಮುಳುಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಬಚ್ಚಲುಮನೆಗೆ ಕರೆದೊಯ್ದು ಬಾಗಿಲು ಹಾಕಿದರು. ಜೇಬಿನಿಂದ ಪುಟ್ಟ ನೋಟ್‌ಬುಕ್ಕು, ಪೆನ್ಸಿಲು ಹೊರಬಂತು.

“ಒಂದು ಉಪಕಾರ ಮಾಡೇ,” ಎಂದು ಪಿಸುಗುಟ್ಟಿದರು. “ಈ ಮಷೀನಿನ ಬಾಗಿಲು ಹೇಗೆ ತೆಗೆಯೋದು ತೋರಿಸು.”