ಹಸಿದ ಟರ್ಬೊ

ಆ ವರ್ಷ ದಸರೆಗೆ ಮುಂಚೆ ನಾನೊಂದು ಪ್ರತಿಜ್ಞೆ ಮಾಡಿದೆ. ಚಿತ್ರದುರ್ಗದಿಂದ ಹೊಸದುರ್ಗದವರೆಗಿನ ರಸ್ತೆಯಲ್ಲಿ ಇನ್ನು ಮುಂದೆ ಜನ ನನ್ನ ಕಾರಿನ ಹಿಂಭಾಗವನ್ನಷ್ಟೇ ನೋಡಬೇಕು. ಮುಂಭಾಗ ನೋಡುವ ಭಾಗ್ಯ ಎದುರಿನಿಂದ ಬರುವವರಿಗೆ ಮಾತ್ರ, ಅದೂ ಅರೆಕ್ಷಣ!

ಇಂಥ ಪ್ರತಿಜ್ಞೆ ಮಾಡುವ ಅರ್ಹತೆ ನನಗಿತ್ತು. ದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು ಜಿಲ್ಲೆಯ ಅರ್ಧ ಕೊಳವೆಬಾವಿಗಳಿಗೆ ಅಶ್ವಶಕ್ತಿ ಸರಬರಾಜು ಮಾಡಿದವನು ನಾನು. ಮೂರು ಕುದುರೆ, ಐದು ಕುದುರೆ, ಹತ್ತು ಕುದುರೆ ಎಂದು ಪರರ ಹೊಲಗಳಿಗೆಲ್ಲ ಕುದುರೆ ಕಟ್ಟಿಕೊಟ್ಟವನು ಸ್ವಂತಕ್ಕೊಂದು ಲಾಯ ಇಟ್ಟುಕೊಂಡರೆ ತಪ್ಪೇನು? ಹಾಗಾಗಿ, ಗಣಿ ಗುತ್ತಿಗೆದಾರನೊಬ್ಬ ಶೋಕಿಗೆ ಕೊಂಡು, ಅದು ಪೆಟ್ರೋಲ್ ಕುಡಿಯುವ ಪರಿ ಕಂಡು ಬೆದರಿ ಮಾರಿದ ದೊಡ್ಡ ಕಾರು ನಮ್ಮ ಮನೆಗೆ ಬಂತು. ಎತ್ತರದ ಮೈ, ಇಡೀ ಸಂಸಾರ ಕೂರುವಷ್ಟು ಜಾಗ, ಟರ್ಬೊ ಇರುವ ಪೆಟ್ರೋಲ್ ಇಂಜಿನ್. ಬಾನೆಟ್ಟಿನ ನಡುವೆ ಗಾಳಿ ಒಳಹೋಗಲು ಅಗಲವಾದ ಒಂದು ಬಾಯಿ, ಅದರ ಕೆಳಗೊಂದು ಲೋಹದ ಜಾಲರಿ. ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುವಾಗ ಆ ಗಾಳಿ ಕಾಯುತ್ತದೆ; ಈ ಜಾಲರಿ ಅದನ್ನು ತಣಿಸಿ ಕಳಿಸುತ್ತದೆ.

ಸಾಮಾನ್ಯ ಮನುಷ್ಯನಿಗೆ ಇಷ್ಟು ಸಾಕು. ನನಗೂ ಸಾಕಿತ್ತು, ನನ್ನ ಷಡ್ಡಕ ಲಕ್ಷ್ಮೀಕಾಂತ್ ತನ್ನ ಡೀಸೆಲ್ ಜೀಪಿನಲ್ಲಿ ಹೊಳಲ್ಕೆರೆ ಕಡೆಯ ಏರಿನಲ್ಲಿ ನನ್ನನ್ನು ಹಿಂದಿಕ್ಕದೇ ಇದ್ದಿದ್ದರೆ. ಬರೀ ಹಿಂದಿಕ್ಕಿದ್ದರೆ ಕ್ಷಮಿಸುತ್ತಿದ್ದೆ. ಕಿಟಕಿಯಿಂದ ಕೈ ಹೊರಹಾಕಿ, ಬಸ್ಸು ತಪ್ಪಿಸಿಕೊಂಡು ನಿಂತ ಬಡಪಾಯಿಗೆ ಬೀಸುವಂತೆ ಬೀಸಿ ಹೋದ.

ಮರುದಿನವೇ ನಾನು ಹನುಮಂತರಾಜುವಿನ ಗ್ಯಾರೇಜಿನಲ್ಲಿದ್ದೆ. ಬೆಂಗಳೂರಿನಲ್ಲಿ ರೇಸಿನ ಕಾರುಗಳ ಹೊಟ್ಟೆ ಬಗೆದು ಅನುಭವ ಪಡೆದು ಊರಿಗೆ ಮರಳಿದವನು. ಆ ಕಾಲಕ್ಕೆ ದುರ್ಗದ ಗ್ಯಾರೇಜುಗಳಲ್ಲಿ ಸ್ಪ್ಯಾನರಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವನು ಅವನೊಬ್ಬನೇ.

"ಸಾರ್, ಈ ಗಾಡೀನ ಕಟ್ಟಿಹಾಕಿ ಕಳ್ಸವ್ರೆ. ನಾನು ಹಗ್ಗ ಬಿಚ್ತೀನಿ, ಅಷ್ಟೆ."

"ಎಷ್ಟು ಬಿಚ್ತೀಯಪ್ಪ?"

"ನೀವು ಹೆದರೋವಷ್ಟು."

ಇಂಥ ವಿದ್ವಾಂಸನನ್ನು ನಂಬದಿರಲು ಹೇಗೆ ಸಾಧ್ಯ? ಅವನು ಇಂಜಿನ್ನಿನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಟರ್ಬೊ ಒತ್ತಡ ಏರಿಸಿದ. ಮಗುವಿನ ತಲೆ ತೂರುವಷ್ಟು ಅಗಲದ ಸೈಲೆನ್ಸರ್ ಕೂರಿಸಿದ. ಮಿಕ್ಕ ಒತ್ತಡವನ್ನು ಹೊರಗೆ ಬಿಡುವ ಒಂದು ವಾಲ್ವನ್ನೂ ಹಾಕಿದ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗಲೆಲ್ಲ ಅದು "ಉಸ್ಸ್ಸ್" ಎನ್ನುತ್ತಿತ್ತು. ಆ ಸದ್ದು ಕೇಳಲೆಂದೇ ನಾನು ಬೀದಿಯ ಈ ತುದಿಯಿಂದ ಆ ತುದಿಗೆ ಕಾಲು ಒತ್ತುತ್ತ, ತೆಗೆಯುತ್ತ ತಿರುಗಿದೆ. ನಾಯಿಗಳು ಬೀದಿ ಬದಲಿಸಿದವು.

ಹಬ್ಬಕ್ಕೆಂದು ಧರ್ಮಪುರದಿಂದ ಬಂದಿದ್ದ ನಮ್ಮ ಅತ್ತೆ ಏಕಾಂತಮ್ಮನವರು ಜಗುಲಿಯಲ್ಲಿ ಕುಳಿತು ಇದನ್ನೆಲ್ಲ ಗಮನಿಸುತ್ತಿದ್ದರು.

"ಹೇಮಾ, ನಿನ್ ಗಂಡನ ಗಾಡಿ ಯಾಕೆ ಹಿಂಗೆ ಉಸ್ಸಂತೈತೆ?"

"ಶಕ್ತಿ ಜಾಸ್ತಿ ಆಗೈತಂತೆ ಕಣವ್ವ," ಎಂದಳು ನನ್ನ ಹೆಂಡತಿ ಹೇಮಾವತಿ, ಅಕ್ಕಿ ಆರಿಸುತ್ತ.

"ಶಕ್ತಿ ಇರೋರು ಉಸ್ಸಂತಾರೇನೆ? ಹೊಟ್ಟೆಗಿಲ್ದೋರು ಉಸ್ಸಂತಾರೆ."

ನಾನು ಗಹಗಹಿಸಿ ನಕ್ಕೆ. ಯಂತ್ರಶಾಸ್ತ್ರ ತಿಳಿಯದವರನ್ನು ಕಂಡು ನಗುವುದು ತಿಳಿದವರ ಧರ್ಮ.

ಹೇಮಾವತಿ ನಗಲಿಲ್ಲ. ಲಕ್ಷ್ಮೀಕಾಂತನ ಮಗ ಓಬಳೇಶನಿಗೆ ಹೊಸದುರ್ಗದ ಗೋವಿಂದಯ್ಯನವರ ಮಗಳನ್ನು ಗೊತ್ತು ಮಾಡಿತ್ತು. ಹಬ್ಬ ಮುಗಿದ ಬೆನ್ನಿಗೇ ಬಂದ ಶುಕ್ರವಾರ ಹುಡುಗಿಯ ಮನೆಯಲ್ಲಿ ನಿಶ್ಚಿತಾರ್ಥ. ಸೀರೆ, ಉಂಗುರ, ಹಣ್ಣು ಹೂವಿನ ತಾಟುಗಳನ್ನು ಅತ್ತೆಯವರು ತಾವೇ ತೊಡೆಯ ಮೇಲಿಟ್ಟುಕೊಂಡು ಒಯ್ಯುವುದಾಗಿ ಸಾರಿದ್ದರು. ಅತ್ತೆಯವರು ನನ್ನ ಗಾಡಿಯಲ್ಲಿ. ಅಂದಮೇಲೆ ನಿಶ್ಚಿತಾರ್ಥವೇ ನನ್ನ ಗಾಡಿಯಲ್ಲಿ!

"ನೋಡ್ರಿ," ಎಂದಳು ಹೇಮಾವತಿ. "ರಾಹುಕಾಲ ಹುಟ್ಟೋಕ್ಕೆ ಮುಂಚೆ ತಾಟು ಹೊಸದುರ್ಗದಾಗಿರ್ಬೇಕು. ಇದ್ರೆ ಈ ಗಾಡಿ ನಮ್ ಮನ್ಯಾಗಿರ್ತೈತೆ. ಇಲ್ದಿದ್ರೆ ಮಾರಿ ಡೀಸೆಲ್ ವ್ಯಾನ್ ತರ್ತೀರಿ."

"ಮುಂಚೆ ಏನೇ, ತುಂಬಾ ಮುಂಚೆ."

"ಮಾತು ಕೊಟ್ರಿ, ಅವ್ವನೂ ಕೇಳ್ಸಿಕೊಂಡ್ಲು."

ಆಯುಧಪೂಜೆಯ ದಿನ ನಾನು ಅಂಗಡಿಯಲ್ಲಿ ಪಂಪುಗಳಿಗೆ ಕುಂಕುಮ ಹಚ್ಚುತ್ತಿದ್ದುದರಿಂದ ಮನೆಯ ಗಾಡಿಯ ಪೂಜೆ ಹೆಂಗಸರ ಪಾಲಾಯಿತು. ಸಂಜೆ ಬಂದು ನೋಡಿದರೆ ಬಾಳೆಕಂದು, ಚೆಂಡುಹೂವಿನ ಹಾರ, ಒಡೆದ ಬೂದುಗುಂಬಳ, ಎಲ್ಲ ಲಕ್ಷಣವಾಗಿತ್ತು. ಚಕ್ರದಡಿಯ ನಿಂಬೆಹಣ್ಣು ಜಜ್ಜಿ ಗಾಡಿಯನ್ನು ಮತ್ತೆ ಅಲ್ಲೇ ನಿಲ್ಲಿಸಿದೆ. ಶುಕ್ರವಾರ ಬೆಳಿಗ್ಗೆ ಬಾನೆಟ್ಟಿನ ಮೇಲೆ ಇರುವೆಗಳ ಉದ್ದನೆಯ ಸಾಲು ಕಂಡಿತು. ಇರುವೆಗಳಿಗೂ ನನ್ನ ಗಾಡಿ ಹತ್ತುವ ಆಸೆ ಎಂದು ಹೆಮ್ಮೆಪಟ್ಟು ಬಟ್ಟೆಯಿಂದ ಕೊಡವಿದೆ.

ಲಕ್ಷ್ಮೀಕಾಂತ್ ಹೆಂಡತಿ ಮಗನೊಂದಿಗೆ ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದ. "ಹೊತ್ತಾಯ್ತು, ಜತೆಗೇ ಹೋಗಾಣ ಬಾರಪ್ಪ ತಮ್ಮ."

"ನೀನು ಹೋಗ್ತಿರಣ್ಣ. ನಾನು ತಿಂಡಿ ತಿಂದು, ಪೇಪರ್ ಓದಿ ಹೊಂಟ್ರೂ ನಿನಗಿಂತ ಮುಂದಿರ್ತೀನಿ."

"ಓದು, ಓದು. ಹಳೇ ಗಾಡಿ ಮಾರೋರ ಜಾಹೀರಾತೂ ಓದು," ಎಂದು ಜೀಪು ಹತ್ತಿದ.

ಹಟಕ್ಕೆ ಬಿದ್ದು ಪೇಪರಿನಲ್ಲಿ ಕೃಷಿ ಮಾರುಕಟ್ಟೆ ಧಾರಣೆಯವರೆಗೂ ಓದಿದೆ. ಆಮೇಲೆ ಹೊರಟೆ. ಮೊದಲ ಕೆಲವು ಮೈಲಿ ಕಾರು ಓಡಲಿಲ್ಲ, ಸ್ವರ್ಗಾರೋಹಣ ಮಾಡಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ನನ್ನ ರಭಸಕ್ಕೇ ತಿರುಗುತ್ತಿವೆಯೇನೋ ಎನ್ನಿಸಿತು. ಹಿಂದಿನ ಸೀಟಿನಲ್ಲಿ ತಾಟುಗಳ ನಡುವೆ ಅತ್ತೆಯವರು ಕಣ್ಣು ಮುಚ್ಚಿ ಮನೆದೇವರನ್ನು ಕರೆಯುತ್ತಿದ್ದರು.

ಹೊಳಲ್ಕೆರೆ ದಾಟುತ್ತಲೇ ಕುದುರೆಗಳು ಒಂದೊಂದಾಗಿ ಲಾಯ ಬಿಟ್ಟು ಹೋಗತೊಡಗಿದವು. ಕಾಲು ಒತ್ತಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ನನ್ನನ್ನು ಹಿಂದಿಕ್ಕಿತು. ಮೇವಿನ ಹೊರೆ ಹೇರಿದ ಮೊಪೆಡ್ಡೊಂದು ಹಿಂದಿಕ್ಕಿತು. ಸವಾರ ತಿರುಗಿ ನೋಡಿ, ಮರುಕಪಟ್ಟು, ಮುಂದೆ ಹೋದ. ಅಷ್ಟರಲ್ಲಿ ಕಾರಿನ ತುಂಬ ಒಂದು ವಾಸನೆ ಹಬ್ಬಿತು. ಸುಟ್ಟ ಆಯಿಲ್ ವಾಸನೆ ನನಗೆ ಗೊತ್ತು, ಸುಟ್ಟ ರಬ್ಬರಿನ ವಾಸನೆಯೂ ಗೊತ್ತು. ಇದು ಏಲಕ್ಕಿ ವಾಸನೆ.

ಹೇಮಾವತಿ ಮೂಗರಳಿಸಿದಳು. "ಯಾರ ಮನ್ಯಾಗೋ ಹುಗ್ಗಿ ಮಾಡ್ತಾ ಅವ್ರೆ."

ಸುತ್ತ ಕಣ್ಣಳತೆಯಲ್ಲಿ ಒಂದು ಮನೆಯೂ ಇರಲಿಲ್ಲ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಗಾಳಿ ತಣಿಸುವ ಆ ಜಾಲರಿಯ ಮೇಲೆ, ಸಂದುಗೊಂದು ಬಿಡದೆ, ಹೊಂಬಣ್ಣಕ್ಕೆ ಬೆಂದ, ಬೆಲ್ಲ ಹಾಕಿದ ಗೋಧಿ ಹುಗ್ಗಿ. ಅಲ್ಲಲ್ಲಿ ಗೋಡಂಬಿ. ದ್ರಾಕ್ಷಿಗಳು ಉಬ್ಬಿ ನನ್ನತ್ತ ನೋಡುತ್ತಿದ್ದವು.

"ಅತ್ತೆ," ಎಂದೆ. ಜಾಲರಿಯತ್ತ ಬೆರಳು ತೋರಿಸಿದೆ.

ಏಕಾಂತಮ್ಮನವರು ಕಿಟಕಿಯಿಂದ ಇಣುಕಿದರು. "ಅಯ್ಯೋ, ಇನ್ನೂ ಅರಗಿಲ್ವೇನಪ್ಪ ಅದ್ಕೆ?"

"ನೀವು ಹಾಕಿದ್ರಾ?"

"ಪೂಜೆ ದಿನ ಎಲ್ಲಾರ್ಗೂ ಎಡೆ ಇಟ್ಟು ಅದ್ನೊಂದೇ ಉಪಾಸ ಕೆಡವಾಕಾಗ್ತೈತಾ? ಬಾಯಿ ಬಿಟ್ಕಂಡು ನಿಂತಿತ್ತು. ಒಂದು ಬೋಗುಣಿ ಹಾಕ್ದೆ."

"ತುಪ್ಪನೂ ಹಾಕಿದ್ರಾ?"

"ತುಪ್ಪಿಲ್ದೆ ಹುಗ್ಗಿ ಯಾರು ತಿಂತಾರಪ್ಪ?"

ಮೊಬೈಲಿನಲ್ಲಿ ಹನುಮಂತರಾಜುವನ್ನು ಹಿಡಿದೆ. ವಿಷಯ ಕೇಳಿ ಅವನು, ಒಂದ್ನಿಮಿಷ ಸಾರ್, ಎಂದ. ಫೋನನ್ನು ದೂರ ಹಿಡಿದು ನಗುತ್ತಿದ್ದಿರಬೇಕು.

"ಗಾಳಿ ತಣ್ಣಗಾಗ್ತಿಲ್ಲ ಸಾರ್. ಬಿಸಿಗಾಳಿ ಬಂತು ಅಂತ ಇಂಜಿನ್ನೇ ಶಕ್ತಿ ಕಮ್ಮಿ ಮಾಡ್ಕಂಡೈತೆ. ಮೆಲ್ಲಗೆ ಹೋದ್ರೆ ಏನೂ ಆಗಲ್ಲ. ಸಾರ್, ಗೋಧೀದಾ, ಅಕ್ಕೀದಾ?"

ಫೋನ್ ಇಟ್ಟೆ. ರಾಹುಕಾಲ ಹತ್ತಿರವಾಗುತ್ತಿತ್ತು, ಗಾಡಿ ನನ್ನ ಕೈಜಾರುತ್ತಿತ್ತು. ಹೆಂಡತಿಯ ಹೇರ್‌ಪಿನ್ನಿನಿಂದ ಕೆರೆದೆ. ಪಿನ್ನು ಬಾಗಿತು, ಬೆರಳು ಸುಟ್ಟಿತು, ಹುಗ್ಗಿ ಮಿಸುಕಲಿಲ್ಲ. ಬಾಟಲಿಯ ನೀರು ಹುಯ್ದೆ. ಗಾಡಿ ಜೀವಮಾನದ ಅತಿ ದೀರ್ಘ "ಉಸ್ಸ್" ಎಂದಿತು, ಬೆಲ್ಲ ಕರಗಿ ಜಾಲರಿಯ ಇನ್ನೂ ಆಳಕ್ಕಿಳಿಯಿತು.

ಹೇಮಾವತಿ ಇಳಿದು ಬಂದು ಜಾಲರಿ ಮುಟ್ಟಿ, ಬೆರಳಿಗಂಟಿದ ಹನಿಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. "ಎಳೆ ಪಾಕ ಬಂದೈತೆ. ಇನ್ನೊಂದಿಷ್ಟು ಕಾಯ್ಸಿದ್ರೆ ಉಂಡೆ ಕಟ್ಟಬೋದು. ಹತ್ರಿ, ಹೋಗಾಣ."

ಉಳಿದ ದಾರಿಯನ್ನು ನಾನು ಎತ್ತಿನ ಗಾಡಿಯ ಗಾಂಭೀರ್ಯದಲ್ಲಿ ಕ್ರಮಿಸಿದೆ. ನನ್ನ ಗಾಡಿಯಲ್ಲಿ ಕುಳಿತಾಗಲೆಲ್ಲ ಹೊಟ್ಟೆ ತೊಳಸಿ ನಿಂಬೆಹಣ್ಣು ಮೂಸುತ್ತಿದ್ದ ಅತ್ತೆಯವರು ಅಂದು ಎಲೆ ಅಡಿಕೆ ಹಾಕಿಕೊಂಡು ಕಿಟಕಿಗೆ ಮೊಣಕೈ ಊರಿದರು. ತೆಂಗಿನ ತೋಟಗಳನ್ನು ನೋಡಿ, ಯಾವುದು ಯಾರದೆಂದು ದಾರಿಯಲ್ಲಿ ನಡೆದು ಹೋಗುವವರನ್ನೇ ವಿಚಾರಿಸಿದರು. ನಡೆಯುವವರಿಗೆ ಉತ್ತರ ಹೇಳಿ ಮುಗಿಸುವಷ್ಟು ಸಮಯವೂ ಸಿಗುತ್ತಿತ್ತು. ಹೇಮಾವತಿ ಎಂದೂ ಬಾಗಿಲಿನ ಹಿಡಿಯನ್ನು ಬಿಟ್ಟವಳಲ್ಲ. ಅಂದು ಎರಡೂ ಕೈ ಬಿಟ್ಟು ಮಲ್ಲಿಗೆ ಕಟ್ಟಿದಳು.

ಗೋವಿಂದಯ್ಯನವರ ಚಪ್ಪರ ಕಾಣುವ ಹೊತ್ತಿಗೆ ರಾಹು ನಮಗಿಂತ ಮುಂಚೆ ಬಂದು ಕುಳಿತಾಗಿತ್ತು. ಲಕ್ಷ್ಮೀಕಾಂತ್ ಬಾಗಿಲಲ್ಲೇ ನಿಂತಿದ್ದ.

"ಪೇಪರ್ ಭಾಳ ದಪ್ಪಿತ್ತೇನಪ್ಪ?"

ಗೋವಿಂದಯ್ಯನವರು ದೊಡ್ಡ ಮನುಷ್ಯರು. "ಬರ್ರಿ, ಕುಂತ್ಕಳ್ರಿ. ರಾಹುಕಾಲ ಕಳೀಲಿ, ಆಮೇಲೆ ಶಾಸ್ತ್ರ ಮಾಡಾಣ. ಅಲ್ಲೀಗಂಟ ಮಾತಾಡ್ತಿರಾಣ," ಎಂದರು. ಹಾಗೇ ಆಯಿತು. ಹುಡುಗ ಹುಡುಗಿಗೆ ಉಂಗುರ ತೊಡಿಸಿದ, ಎಲ್ಲರೂ ಅಕ್ಷತೆ ಹಾಕಿದರು. ಊಟಕ್ಕೆ ಹುಗ್ಗಿಯನ್ನೇ ಬಡಿಸಿದರು. ನಾನು ಬೇಡವೆಂದೆ.

ಸಂಜೆ ಹಿಂದಿರುಗಲು ಗಾಡಿಯ ಬಳಿ ನಿಂತಾಗ, ಹೇಮಾವತಿ ಕೇಳುವ ಮುಂಚೆ ನಾನೇ ಶರಣಾದೆ. ಮಾತು ಕೊಟ್ಟವನು ಮಾತಿಗೆ ತಪ್ಪಬಾರದಲ್ಲ.

"ಆಯ್ತು ಕಣೇ. ಮಾರ್ತೀನಿ."

ಅವಳು ಅವ್ವನ ಮುಖ ನೋಡಿದಳು. ಅವ್ವ ತಲೆಯಾಡಿಸಿದರು. ದಾರಿಯಲ್ಲೇ ನನ್ನ ಬೆನ್ನ ಹಿಂದೆ ತೀರ್ಪು ಬರೆದಾಗಿತ್ತೆಂದು ನನಗೇನು ಗೊತ್ತು?

"ಮಾರ್ಬ್ಯಾಡ್ರಿ," ಎಂದಳು.

ನನಗೆ ಕಣ್ಣು ತುಂಬಿ ಬಂತು. ಎಂಥ ಹೆಂಡತಿ! ಎಂಥ ಅತ್ತೆ! "ನಾಳೆನೇ ಹನುಮಂತರಾಜು ಹತ್ರ ಒಯ್ದು, ಆ ಜಾಲರಿ ತೊಳೆಸಿ..."

"ತೊಳೆಸ್ಬ್ಯಾಡ್ರಿ," ಎಂದಳು ಹೇಮಾವತಿ, ಸೆರಗು ಸರಿಪಡಿಸಿಕೊಂಡು ಆರಾಮಾಗಿ ಕೂರುತ್ತ. "ಇಷ್ಟು ವರ್ಷಕ್ಕೆ ಇವತ್ತು ನೀವು ಮನುಷ್ಯರ ಥರ ಗಾಡಿ ಓಡ್ಸೀರಿ. ಗಾಡಿ ಇರ್ಲಿ, ಹುಗ್ಗಿನೂ ಇರ್ಲಿ. ಕರಗ್ತಾ ಬಂದ್ರೆ ಹೇಳ್ರಿ, ಅವ್ವ ಇನ್ನೊಂದು ಬೋಗುಣಿ ಹಾಕ್ತಾಳೆ."